ಭಂಡಾರ ಬಿದ್ದ ಟೈಪ್‌ರೈಟರ್

ಅಕ್ಕಲಕೋಟದ ಮಠದ ಬಗ್ಗೆ ನಾನು ನಾಲ್ಕು ಮಾತು ಬರೆಯಬೇಕೆಂಬುದು ಅಕ್ಕನ ಆಸೆ. ಹರಕೆ ಅವಳದು, ನಾನು ಜೊತೆಗೆ ಹೋದವಳು. ಆದರೆ ಬರೆಯಲು ಕೂತರೆ ಮಠಕ್ಕಿಂತ ಮೊದಲು ಕಣ್ಣಿಗೆ ಬರುವುದು ಒಂದು ಕೈಗಾಡಿ, ಅದರ ಮೇಲೆ ಚಾದರ ಹೊದ್ದು ಕೂತ ಟೈಪ್‌ರೈಟರುಗಳು, ಹಿಂದೆ ನಡೆದ ಹುಡುಗಿಯರು. ಇಂಥದ್ದನ್ನು ಹೇಳಿದರೆ ಜನ ಬೇಗ ನಂಬುವುದಿಲ್ಲ. ಆದ್ದರಿಂದ ಕಂಡದ್ದನ್ನು ಕಂಡ ಹಾಗೆ ನಿಧಾನವಾಗಿ ಹೇಳುತ್ತೇನೆ. ಕಾಣದ್ದನ್ನು ಕಾಣಲಿಲ್ಲವೆಂದೇ ಹೇಳುತ್ತೇನೆ.

ಸೊಲ್ಲಾಪುರ ಸ್ಟೇಷನ್

ಚನ್ನಪಟ್ಟಣದ ಮಿಡ್ಲ್ ಸ್ಕೂಲಿನಲ್ಲಿ ಭೂಗೋಳ ಪಾಠ ಮಾಡುವ ನಾನು ಅಲ್ಲಿಯವರೆಗೆ ರಾಜ್ಯದ ಗಡಿಯನ್ನು ನಕಾಶೆಯಲ್ಲಿ ಮಾತ್ರ ದಾಟಿದ್ದೆ. ಅಕ್ಕನಿಗಂತೂ ಮಹಾರಾಷ್ಟ್ರವೆಂದರೆ ಪರದೇಶವೇ. ಹುಳಿಪುಡಿ, ಅವಲಕ್ಕಿ, ನಿಂಬೆಕಾಯಿ ಉಪ್ಪಿನಕಾಯಿ ಕಟ್ಟಿಕೊಂಡಿದ್ದಳು. ಪಕ್ಕದ ಮನೆಯ ಹುಡುಗನಿಂದ ಹಿಂದಿಯಲ್ಲಿ ಕೆಲವು ಮಾತು ಕಲಿತು ದಾರಿಯುದ್ದಕ್ಕೂ ಒಪ್ಪಿಸಿಕೊಂಡಿದ್ದಳು.

ಬೆಳಗಿನ ಹೊತ್ತು ಸ್ಟೇಷನ್ನಿನ ಹೊರಗೆ ಬಂದು, ಟಾಂಗಾದವನೊಬ್ಬನ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, "ಪಾನೀ ಕಹಾಂ ಮಿಲೇಗಾ?" ಎಂದಳು.

ಅವನು ಬೀಡಿ ತೆಗೆದು, "ಅಲ್ಲೆ ನಳಾ ಅದ ನೋಡ್ರೀ ಅವ್ವಾರ. ಆದ್ರ ಈಗ ನೀರು ಹೋಗ್ಯಾವ" ಎಂದ.

ಅಕ್ಕನ ಮುಖದಲ್ಲಿ ಸಮಾಧಾನ ಎಷ್ಟಿತ್ತೋ ನಿರಾಸೆಯೂ ಅಷ್ಟೇ ಇತ್ತು. ಕಲಿತ ಹಿಂದಿ ದಂಡವಾಯಿತಲ್ಲ! ಅಂಗಡಿಗಳ ಬೋರ್ಡು ಓದಿದರೆ ಮರಾಠಿ, ಬೋರ್ಡಿನ ಕೆಳಗೆ ನಿಂತವರ ಬಾಯಲ್ಲಿ ಕನ್ನಡ. ಅದೂ ನಮ್ಮ ಕಡೆಯ ಕನ್ನಡವಲ್ಲ. ನಡುನಡುವೆ ಮರಾಠಿಗೆ ಹೊಕ್ಕು, ಉರ್ದುವಿನ ಅಂಗಳ ಹಾಯ್ದು, ಮತ್ತೆ ಮನೆಗೆ ಬರುವ ಕನ್ನಡ. ಒಂದು ದಿನ ಕಳೆಯುವಷ್ಟರಲ್ಲಿ ಮುಕ್ಕಾಲುಪಾಲು ತಿಳಿಯತೊಡಗಿತು.

ನಾವು ಇಳಿದುಕೊಂಡದ್ದು ಒಬ್ಬ ಶೇಠರ ಮನೆಯಲ್ಲಿ. ಭಾವನವರ ಬಟ್ಟೆ ಅಂಗಡಿಗೆ ಚಾದರ ಕೊಡುವವರು ಅವರೇ. ಅವರ ಹೆಂಡತಿಯನ್ನು ಓಣಿಯೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿತ್ತು, ನಾವೂ ಹಾಗೇ ಕರೆದೆವು. ಊಟಕ್ಕೆ ಕೂತಾಗ ತಟ್ಟೆಯಲ್ಲಿ ತೆಳ್ಳಗೆ, ದುಂಡಗೆ, ಮುರಿದರೆ ಚಟ್ಟೆಂದು ಸದ್ದು ಮಾಡುವುದೊಂದನ್ನು ಬಡಿಸಿದರು. ಹಪ್ಪಳ ಅಂದುಕೊಂಡು ಎರಡು ತಿಂದೆ. ಆಮೇಲೆ ಊಟ ಬರಲೆಂದು ಕೈ ಕಟ್ಟಿ ಕೂತೆ. ಕಾಕು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

"ಯಾಕ್ರಿ, ಬಿಟ್ರಿ? ಊಟಾ ಅಂದ್ರ ಇದs ರೀ. ಕಡಕ್ ರೊಟ್ಟಿ!"

ನೀರು ತಂದುಕೊಟ್ಟ ಹುಡುಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಾನು ಅವಳನ್ನು ಮೊದಲು ನೋಡಿದ್ದು ಹಾಗೆ. ಹತ್ತೊಂಬತ್ತು ಇಪ್ಪತ್ತರ ವಯಸ್ಸು, ಸಣಕಲು ಮೈ. ಹೆಸರು ಮಾಲತಿ. ಅಕ್ಕಲಕೋಟದ ಹತ್ತಿರದ ಚಪಳಗಾಂವದ ಕುರಿ ಸಾಕುವ ಮನೆಯವಳು. ಶೇಠರು ಕಂಬಳಿ ವ್ಯಾಪಾರಕ್ಕೆ ಅವಳ ತಂದೆಯಿಂದ ಉಣ್ಣೆ ಕೊಳ್ಳುತ್ತಿದ್ದರು. ಆ ಪರಿಚಯದಿಂದ ಅವಳು ಈ ಮನೆಯ ಹಿಂದಿನ ಕೋಣೆಯಲ್ಲಿದ್ದು ಟೈಪಿಂಗ್ ಕಲಿಯುತ್ತಿದ್ದಳು.

ನನ್ನ ಗಮನ ಸೆಳೆದದ್ದು ಅವಳ ಬೆರಳು. ಸುಮ್ಮನಿರುತ್ತಲೇ ಇರಲಿಲ್ಲ. ತಂಬಿಗೆಯ ಮೇಲೆ, ಬಾಗಿಲ ಚೌಕಟ್ಟಿನ ಮೇಲೆ, ತನ್ನದೇ ತೊಡೆಯ ಮೇಲೆ ಒಂದಾದ ಮೇಲೊಂದು ಏಳುತ್ತ ಇಳಿಯುತ್ತ ಇದ್ದವು.

"ಈಕಿ ಬೆರಳಿಗಿ ಹುಚ್ಚು ಹಿಡದದ," ಎಂದರು ಕಾಕು. "ರೊಟ್ಟಿ ಬಡಿಯೂಮುಂದನೂ ಟೈಪ್ ಮಾಡತಾಳ. ನಾಡಿದ್ದ ಪರೀಕ್ಷಾ ಅದ್ರಿ."

ಮಾಳಿಗೆಯ ಮೇಲಿನ ಸದ್ದು

ಸೊಲ್ಲಾಪುರದಲ್ಲಿ ಯಾವ ಓಣಿಗೆ ಹೋದರೂ ಮಗ್ಗದ ಸದ್ದು. ಮರುದಿನ ಅಕ್ಕನ ಜೊತೆ ಮಾಲತಿಯ ಹಿಂದೆ ಪೇಟೆಯ ಒಂದು ಕಿರಿದಾದ ಮರದ ಮೆಟ್ಟಿಲು ಹತ್ತುವಾಗಲೂ ಮೇಲೆ ಮಗ್ಗವೇ ಇರಬೇಕು ಅಂದುಕೊಂಡೆ. ಅದೇ ಬಡಿತ, ನಡುವೆ ಅಡ್ಡ ಹಾಯುವ ಸರ್ರೆನ್ನುವ ಸದ್ದು. ಬಾಗಿಲಲ್ಲಿ ನಿಂತಾಗ ಕಂಡದ್ದು ಎರಡು ಸಾಲು ಬೆಂಚು, ಕಪ್ಪು ಮಶಿನ್ನುಗಳು, ಬೆನ್ನು ನೆಟ್ಟಗೆ ಮಾಡಿ ಗೋಡೆಯನ್ನೇ ದಿಟ್ಟಿಸುತ್ತ ಕೂತ ಹುಡುಗಿಯರು. ಒಬ್ಬರೂ ಕೈ ನೋಡುತ್ತಿರಲಿಲ್ಲ. ನೋಡಿದರೂ ಏನೂ ಕಾಣದಂತೆ ಕೀಲಿಗಳ ಮೇಲೆ ರಟ್ಟಿನ ಮುಚ್ಚಳವಿತ್ತು. ಅದರಡಿಯಲ್ಲಿ ಕೈ ತೂರಿಸಿ, ಕತ್ತಲಲ್ಲಿ ಹುಣಸೆಹಣ್ಣು ಹುಡುಕುವವರಂತೆ ಅಕ್ಷರ ಹುಡುಕುತ್ತಿದ್ದರು. ಬಳೆ ಸದ್ದು ಮಾಡಬಾರದೆಂದು ಮೊಣಕೈಯತ್ತ ಸರಿಸಿ ಕರವಸ್ತ್ರ ಬಿಗಿದಿದ್ದರು.

ನಮ್ಮ ಊರಲ್ಲೂ ಟೈಪಿಂಗ್ ಶಾಲೆ ಇದೆ. ಆದರೆ ಇಲ್ಲಿಯ ಒಂದು ರೂಢಿ ನನಗೆ ಹೊಸದು. ಪ್ರತಿ ಹುಡುಗಿಗೂ ಒಂದೇ ಮಶಿನ್ನು ಗೊತ್ತು ಮಾಡಿರುತ್ತಾರೆ. ಕಲಿಯುವುದೂ ಅದರ ಮೇಲೆ, ಪರೀಕ್ಷೆ ಬರೆಯುವುದೂ ಅದರ ಮೇಲೆ. ಪರೀಕ್ಷೆಯ ದಿನ ಮಶಿನ್ನುಗಳನ್ನು ಕೈಗಾಡಿಗೆ ಹೇರಿ, ಪರೀಕ್ಷೆ ನಡೆಯುವ ಶಾಲೆಗೆ ಮೆರವಣಿಗೆಯಂತೆ ಒಯ್ಯುತ್ತಾರೆ.

"ಯಾಕೆ? ಎಲ್ಲ ಮಶಿನ್ನೂ ಒಂದೇ ಅಲ್ಲವೆ?" ಎಂದು ಕೇಳಿದೆ.

ಮಾಲತಿಯ ಪಕ್ಕದ ಮಶಿನ್ನಿನ ಹುಡುಗಿ ನಕ್ಕಳು. ಅವಳು ಶಕೀಲಾ, ಮಾಲತಿಯ ಗೆಳತಿ. ಮಾತಿಗೆ ಮೊದಲು ನಗು ಬರುವಂಥವಳು.

"ಅರೇ ಬಾಯಾರ, ಎಲ್ಲಾರ ಅತ್ತೀನೂ ಒಂದೇ ಏನ್ರಿ? ನನ್ನ ಮಶಿನ್ನು ಮಿಜಾಜಿಂದು, ಮೆತ್ತಗ ಹೊಡದ್ರ ಅಕ್ಷರಾನ ಕೊಡೂದಿಲ್ಲ. ಮಾಲತಿದು ಗರೀಬ್. ಮುಟ್ಟಿದ್ರ ಸಾಕು, ಓಡತದ."

ಕ್ಲಾಸಿನ ಸರ್ ವಯಸ್ಸಾದವರು, ಕರಿ ಟೊಪ್ಪಿಗೆಯವರು. ಹುಡುಗಿಯರನ್ನು ನಿಲ್ಲಿಸಿ ನಾಳೆಗೆ ಎಚ್ಚರಿಕೆ ಹೇಳಿದರು. ಮಾತು ಅರ್ಧ ಮರಾಠಿ. ನನಗೆ ತಿಳಿದಷ್ಟು ಇದು: ಹಾಳೆ ತಿದ್ದುವವರು ಬೇರೆ ಊರಿನವರು. ಹಾಳೆಯ ಮೇಲೆ ನಂಬರ್ ಬಿಟ್ಟು ಬೇರೆ ಯಾವ ಗುರುತೂ ಇರಬಾರದು. ದೇವರ ಹೆಸರು ಹೊಡೆಯಬಾರದು, ಕುಂಕುಮದ ಕೈ ತಾಗಿಸಬಾರದು. ಅಂಥ ಗುರುತು ಕಂಡರೆ ಆ ಹಾಳೆಯನ್ನು ತೆಗೆದು ಬೇರೆ ಇಡುತ್ತಾರೆ. ಇಟ್ಟರೆ ಮುಗಿಯಿತು.

ಇಳಿದು ಬರುವಾಗ ಮಾಲತಿಯನ್ನು ಕೇಳಿದೆ, "ಇಂಗ್ಲಿಷ್ ಚೆನ್ನಾಗಿ ಬರುತ್ತಾ?"

"ನನಗ ಅಷ್ಟು ಬರೂದಿಲ್ರಿ. ಬೆರಳಿಗಿ ಬರತದ," ಎಂದಳು. "ಮನ್ಯಾಗ ಕನ್ನಡಾ, ಸಾಲ್ಯಾಗ ಮರಾಠಿ, ಬೆರಳಿನ್ಯಾಗ ಇಂಗ್ಲಿಷ್."

ಅವಳು ಹೋದ ಸಲವೂ ಪರೀಕ್ಷೆಗೆ ಕೂತಿದ್ದಳು. ಹಾಳೆ ಮುಗಿಯುವ ಮೊದಲೇ ಗಂಟೆ ಹೊಡೆದುಬಿಟ್ಟಿತ್ತು. ಇದು ಕೊನೆಯ ಸಲ. ಅವಳ ತಂದೆ ನಂದೇಶ್ವರದಲ್ಲಿರುವ ತಂಗಿಗೆ ಮಾತು ಕೊಟ್ಟಿದ್ದರು: ಈ ಸಲವೂ ಪಾಸಾಗದಿದ್ದರೆ ಮಗಳನ್ನು ಅವಳ ಮಗನಿಗೆ ಕೊಡುತ್ತೇನೆ ಎಂದು.

"ಹುಡುಗ ಒಳ್ಳೆಯವನಲ್ಲವೇ?" ಎಂದು ಅಕ್ಕ ಮರುಕದಿಂದ ಕೇಳಿದಳು.

"ಛಲೋನ ಅದಾನ್ರಿ. ಕುರಿ ಭಾಳ ಅದಾವ. ನನಗ ಕುರಿ ಬ್ಯಾಡಂತ ಅಲ್ರಿ, ಅವ್ನೂ ಬ್ಯಾಡಂತ ಅಲ್ಲ." ಎದುರು ಬಂದ ಸೈಕಲ್ಲಿಗೆ ದಾರಿ ಬಿಟ್ಟು ಮುಂದುವರಿಸಿದಳು. "ಅಕ್ಕಲಕೋಟದ ಕಚೇರ್ಯಾಗ ಒಮ್ಮೆ ಒಬ್ಬಾಕಿನ್ನ ನೋಡಿದ್ನಿರಿ. ಟೈಪ್ ಮಾಡಾಕತ್ತಿದ್ಲು. ಸಾಹೇಬ ಬಂದು ಬಾಜೂಕ ನಿಂತಿದ್ದ, ಆಕಿ ಕುಂತಿದ್ಲು. ಅಂಥಾ ಕುರ್ಚಿ ಒಂದು ನನಗ ಬೇಕ್ರಿ."

ಕೈಗಾಡಿ

ಪರೀಕ್ಷೆಯ ದಿನ ಬೆಳಿಗ್ಗೆ ಅಕ್ಕನೂ ನಾನೂ ಕ್ಲಾಸಿನ ಮುಂದೆ ಹೋದಾಗ ಮಶಿನ್ನುಗಳು ಆಗಲೇ ಕೆಳಗಿಳಿದಿದ್ದವು. ಸರ್ ಎಣ್ಣೆಯ ಕುಪ್ಪಿ ಹಿಡಿದು ಒಂದೊಂದರ ಒಳಗೂ ಹನಿ ಬಿಟ್ಟಿದ್ದರು. ಹುಡುಗಿಯರು ಮನೆಯಿಂದ ತಂದ ಸೊಲ್ಲಾಪುರದ ಚಾದರಗಳನ್ನು ಅವಕ್ಕೆ ಹೊದೆಸಿ ಗಾಡಿಯ ಮೇಲೆ ಸಾಲಾಗಿ ಕೂರಿಸಿದ್ದರು. ದೂರದಿಂದ ನೋಡಿದರೆ ಚಳಿಗೆ ಮುದುರಿದ ಅಜ್ಜಿಯರನ್ನು ಯಾತ್ರೆಗೆ ಒಯ್ಯುವ ಹಾಗಿತ್ತು.

ಆಗ ಮಾಲತಿಯ ತಂದೆ ಬೀರಪ್ಪ ಬಂದರು. ಬೆಳಗಿನ ಬಸ್ಸು ಹಿಡಿದು ಬಂದಿದ್ದರು. ಎತ್ತರದ ಆಳು. ಕೆಂಪು ರುಮಾಲು, ಹೆಗಲ ಮೇಲೆ ಕರಿ ಕಂಬಳಿ, ಸೊಂಟಕ್ಕೆ ಕಟ್ಟಿದ ಒಂದು ಚೀಲ. ಮಗಳು ಕಾಲಿಗೆ ಬಿದ್ದಳು. ಮನೆಯಲ್ಲಿ ಅವಳ ಹೆಸರು ಮಾಳವ್ವ.

"ಯವ್ವಾ ಮಾಳವ್ವಾ, ನಿನ್ನ ಮಶಿನ್ನು ಯಾವ್ದು?"

ಅವಳು ತನ್ನ ಮಶಿನ್ನಿನ ಚಾದರ ಎತ್ತಿ ತೋರಿಸಿದಳು. ಹೆಮ್ಮೆಯಿಂದಲೇ ತೋರಿಸಿದಳು. ನಾನು ಅವಳ ಎಡಗಡೆ, ಗಾಡಿಯ ಚಕ್ರಕ್ಕೆ ಒರಗಿ ನಿಂತಿದ್ದೆ. ಬೀರಪ್ಪ ಚೀಲದೊಳಗೆ ಕೈ ಹಾಕಿದ್ದು ಕಂಡಿತು. ಅದರಲ್ಲಿ ಏನಿದೆ ಎಂದು ನನಗೆ ಗೊತ್ತಿರಲಿಲ್ಲ. ಮಾಲತಿಗೆ ಗೊತ್ತಿತ್ತು, ಅವಳ ಕೈ ಮೇಲೆದ್ದಿತು, ಆದರೆ ತಡವಾಗಿತ್ತು.

"ಬಿರೋಬಾನ ಹೆಸರಲೆ ಚಾಂಗಭಲೋ!"

ಆ ಜೈಕಾರದ ಜೊತೆಗೇ ಒಂದು ಮುಷ್ಟಿ ಭಂಡಾರ ಮಶಿನ್ನಿನ ಮೇಲೆ ಬಿತ್ತು. ಹಿಂದೆಯೇ ಇನ್ನೊಂದು ಮುಷ್ಟಿ. ಭಂಡಾರವೆಂದರೆ ಕುರಿ ಕಾಯುವವರ ದೇವರಾದ ಬಿರೋಬಾನ ಗುಡಿಯ ಅರಿಶಿನದ ಹುಡಿ. ಅವರ ಮನೆಗಳಲ್ಲಿ ಹೊಸ ಕುರಿಮರಿಗೆ, ಮದುಮಗನ ತಲೆಗೆ, ದಾರಿ ಹೊರಡುವವರ ಹಣೆಗೆ ಅದು ಬೀಳದೆ ಒಳ್ಳೆಯ ಕೆಲಸ ಶುರುವಾಗುವುದಿಲ್ಲ. ಹುಡಿ ಅಕ್ಷರದ ಕಡ್ಡಿಗಳ ನಡುವೆ, ಅಂದು ಬೆಳಿಗ್ಗೆಯಷ್ಟೆ ಬಿಟ್ಟ ಎಣ್ಣೆಯ ಮೇಲೆ, ಮೆಲ್ಲಗೆ ಇಳಿಯಿತು.

ಸರ್ ಎಣ್ಣೆಯ ಕುಪ್ಪಿಗೆ ಮುಚ್ಚಳ ಹಾಕಿದರು. ಬೀರಪ್ಪನ ಮುಖದಲ್ಲಿ ಅಂಥ ತೃಪ್ತಿ ಇತ್ತು. ಅದನ್ನು ನೋಡಿದ ಮೇಲೆ ಏನು ಹೇಳುವುದು? ಮಾಲತಿ ಚಾದರವನ್ನು ಮತ್ತೆ ಹೊದೆಸಿದಳು. ಮೂಲೆಗಳನ್ನು ಒಂದೊಂದಾಗಿ ಒಳಗೆ ಮಡಿಚಿದಳು.

ಗಾಡಿ ಹೊರಟಿತು. ಶಕೀಲಾ ಮಾತ್ರ ಮೆಲ್ಲನೆ, "ನಿಮ್ಮಪ್ಪ ಮಶಿನ್ನಿಗಿ ಅರಿಷಿಣಾ ಹಚ್ಚಿ ಲಗ್ನಾ ಮಾಡ್ಯಾನ ನೋಡ" ಎಂದಳು. ಮಾಲತಿ ನಗಲಿಲ್ಲ. ಶಕೀಲಾಳೂ ಆಮೇಲೆ ನಗಲಿಲ್ಲ.

ಪರೀಕ್ಷೆಯ ಶಾಲೆ

ಶಾಲೆಯ ಜಗಲಿಯಲ್ಲಿ ಮಶಿನ್ನುಗಳನ್ನು ಇಳಿಸಿದರು. ಬೀರಪ್ಪ ಗೇಟಿನ ಆಚೆ ಬೇವಿನ ಮರದ ಕೆಳಗೆ ಕಂಬಳಿ ಹಾಸಿ ಅಕ್ಕನ ಜೊತೆ ಮಾತಿಗೆ ಕೂತರು. ಜಗಲಿಯಲ್ಲಿ ನಡೆದದ್ದು ಅವರಿಗೆ ಕಾಣುತ್ತಿರಲಿಲ್ಲ. ಮಾಲತಿ ಒಂದು ಕಾಗದ ಸಿಕ್ಕಿಸಿ ಒಂದು ಅಕ್ಷರ ಒತ್ತಿದಳು. ಕಡ್ಡಿ ಎದ್ದಿತು, ಕಾಗದಕ್ಕೆ ತಾಗಿತು, ಅಲ್ಲೇ ನಿಂತಿತು. ಇನ್ನೊಂದು ಒತ್ತಿದಳು. ಅದೂ ಎದ್ದು ಮೊದಲನೆಯದಕ್ಕೆ ಅಂಟಿಕೊಂಡಿತು. ಎಣ್ಣೆಯೂ ಹುಡಿಯೂ ಸೇರಿ ಒಳಗೆ ಹಿಟ್ಟಾಗಿತ್ತು.

ಬೇರೆ ಮಶಿನ್ನು ಇರಲಿಲ್ಲ. ಸರ್ ತಲೆಗೆ ಕೈ ಹಚ್ಚಿ, "ಕೆಟ್ಟಿತು" ಎಂದರು. ಮಾಲತಿ ಅಳಲಿಲ್ಲ. ಅಂಟಿಕೊಂಡ ಎರಡು ಕಡ್ಡಿಗಳನ್ನು ಒಂದೊಂದಾಗಿ ಬಿಡಿಸಿ ಕೆಳಗಿಟ್ಟಳು, ಅಷ್ಟೆ. ಅಳುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹಾಗೆ ಸುಮ್ಮನೆ ಕಡ್ಡಿ ಬಿಡಿಸಿದವಳನ್ನು ನೋಡಿರಲಿಲ್ಲ.

ಮೊದಲು ಕೂತವಳು ಶಕೀಲಾ. ತಲೆಯ ಹೇರ್‌ಪಿನ್ ತೆಗೆದು ಕಡ್ಡಿಗಳ ನಡುವೆ ಆಡಿಸತೊಡಗಿದಳು. "ಏನ್ ನೋಡಾಕತ್ತೀರಿ? ಬರ್ರಿ, ಹಲ್ಲು ತಿಕ್ಕೋಣ ಇದಕ್ಕ." ಒಬ್ಬಳು ಎದುರಿನ ಸೈಕಲ್ ಅಂಗಡಿಗೆ ಓಡಿ ಸೀಮೆಎಣ್ಣೆ ತಂದಳು. ಸರ್ ತಮ್ಮ ಬ್ರಷ್ ಕೊಟ್ಟರು. ಉಳಿದವರು ಕರವಸ್ತ್ರ, ಸೆರಗು, ಲಂಗದ ಅಂಚು, ಸಿಕ್ಕಿದ್ದರಲ್ಲಿ ಒರೆಸಿದರು. ಬಳೆ ಕಟ್ಟಿದ್ದ ಕರವಸ್ತ್ರಗಳೂ ಬಿಚ್ಚಿಹೋದವು. ಎಲ್ಲರದೂ ಅದೇ ಹೊತ್ತಿನ ಪರೀಕ್ಷೆ. ಕೊನೆಯ ಗಳಿಗೆಯಲ್ಲಿ ಪಾಠ ಮಾಡಿಕೊಳ್ಳಬೇಕಾದವರು. ಒಬ್ಬಳೂ ತನ್ನ ಮಶಿನ್ನಿನ ಕಡೆ ತಿರುಗಲಿಲ್ಲ.

ಕಡ್ಡಿಗಳು ಬೀಳತೊಡಗಿದವು. ಸರಾಗವಾಗಿ ಅಲ್ಲ, ಆದರೂ ಬಿದ್ದವು. ಆಗಲೇ ಗಂಟೆ ಹೊಡೆಯಿತು. ಹುಡುಗಿಯರು ಕೈ ತೊಳೆಯಲು ನಳಕ್ಕೆ ಓಡಿದರು. ನಳ ತಿರುಗಿಸಿದರೆ ಗಾಳಿಯ ಸದ್ದು. ನೀರು ಹೋಗಿತ್ತು. ಇದ್ದ ಬಟ್ಟೆಗೇ ಕೈ ಒರೆಸಿಕೊಂಡು ಒಳಗೆ ಹೋದರು.

ನಾನು ಕಿಟಕಿಯ ಬಳಿ ನಿಂತೆ. ಮಾಲತಿ ನನಗೆ ಬೆನ್ನು ಮಾಡಿ ಕೂತಿದ್ದಳು. ಸದ್ದು ಶುರುವಾದ ಮೇಲೆ ಯಾವುದು ಅವಳದೆಂದು ತಿಳಿಯಲಿಲ್ಲ. ಅವಳ ಭುಜ ಮಾತ್ರ ಕಂಡಿತು. ಎರಡು ಸಲ ಭುಜ ನಿಂತಿತು, ಕೈ ಮುಂದೆ ಹೋಗಿ ಏನನ್ನೋ ಬಿಡಿಸಿತು, ಮತ್ತೆ ನಡೆಯಿತು. ಗಂಟೆಯಾದಾಗ ಅವಳ ಹಾಳೆ ತುಂಬಿತ್ತೋ ಇಲ್ಲವೋ ನನಗೆ ಕಾಣಲಿಲ್ಲ.

ಪರೀಕ್ಷೆ ನೋಡಿಕೊಳ್ಳುವವರು ಕನ್ನಡಕದ ಒಬ್ಬ ಹೆಂಗಸು. ಹಾಳೆಗಳನ್ನು ಎತ್ತಿಕೊಳ್ಳುತ್ತ ಬಂದವರು ಮಾಲತಿಯ ಹಾಳೆ ಹಿಡಿದು ನಿಂತರು. ಬೆಳಕಿಗೆ ಎತ್ತಿದರು. ಅಂಚಿನಲ್ಲಿ ಹೆಬ್ಬೆಟ್ಟಿನಷ್ಟು ಅಗಲದ ಹಳದಿ ಗುರುತು ಕಿಟಕಿಯವರೆಗೂ ಕಾಣುತ್ತಿತ್ತು.

"ಹೇ ಕಾಯ್?" ಇದೇನು ಎಂದು ಮರಾಠಿಯಲ್ಲಿ ಕೇಳಿದರು.

ಮಾಲತಿ ಎದ್ದು ನಿಂತಳು. ಆ ಹಾಳೆ ಉಳಿದವುಗಳಿಂದ ಬೇರೆಯಾಗಿ ಮೇಜಿನ ಇನ್ನೊಂದು ತುದಿಗೆ ಹೋಯಿತು. ಬಾಗಿಲಲ್ಲಿದ್ದ ಸರ್ ಕಣ್ಣು ಮುಚ್ಚಿಕೊಂಡರು.

"ಮ್ಯಾಡಮ್, ನಂದೂ ನೋಡ್ರಿ," ಎಂದಳು ಶಕೀಲಾ. ಅವಳ ಧ್ವನಿಯಲ್ಲಿ ಧೈರ್ಯಕ್ಕಿಂತ ಹೆದರಿಕೆ ಇತ್ತು. ಅವಳಿಗೆ ತನ್ನ ಹಾಳೆಯದೇ ಚಿಂತೆ ಹತ್ತಿತ್ತು. "ನಂದೂ ಹಳದಿ ಆಗ್ಯಾದ."

ಹಿಂದಿನ ಸಾಲಿನಿಂದ ಇನ್ನೊಬ್ಬಳು, "ಮಾಝಾ ಪಣ್," ನನ್ನದೂ ಹಾಗೇ ಎಂದಳು. ಆ ಹೆಂಗಸು ಆಗಲೇ ಕೂಡಿಸಿದ್ದ ಹಾಳೆಗಳನ್ನು ತಿರುವಿದರು. ಒಂದರ ಮೇಲೆ ಮೂಲೆಯಲ್ಲಿ, ಇನ್ನೊಂದರ ಮೇಲೆ ನಡುವೆ, ಒಂದರ ಮೇಲೆ ಐದೂ ಬೆರಳು. ಆ ಕ್ಲಾಸಿನ ಹುಡುಗಿಯರದು ಒಂದೂ ಬಿಳಿ ಉಳಿದಿರಲಿಲ್ಲ.

ಅವರು ಕಿಟಕಿಯಲ್ಲಿದ್ದ ನನ್ನನ್ನು ನೋಡಿದರು. "ನೀವು ಯಾರ ಪೈಕಿ?" ಎಂದು ಕನ್ನಡದಲ್ಲೇ ಕೇಳಿದರು.

"ಯಾರ ಪೈಕಿಯೂ ಅಲ್ಲ. ಮೈಸೂರು ಕಡೆಯವಳು. ನೋಡಲು ಬಂದಿದ್ದೆ."

"ಏನು ನೋಡೀರಿ, ಹೇಳ್ರಿ."

ಹೇಳಿದೆ. ಚಾದರ ಎತ್ತಿದ್ದು, ತಂದೆ ಭಂಡಾರ ಹಾಕಿದ್ದು, ಕಡ್ಡಿ ನಿಂತದ್ದು, ಎಲ್ಲರೂ ಕೂತು ಒರೆಸಿದ್ದು, ನಳದಲ್ಲಿ ನೀರಿಲ್ಲದ್ದು. ಅವರು ತಡೆಯದೆ ಕೇಳಿದರು. ಕೇಳಿ, ಬೇರೆ ಇಟ್ಟ ಹಾಳೆಯನ್ನು ಎತ್ತಿ ಉಳಿದವುಗಳ ನಡುವೆ ಸೇರಿಸಿ, ಮೇಜಿನ ಮೇಲೆ ಕುಟ್ಟಿ ಅಂಚು ಸರಿಮಾಡಿದರು.

"ಗುರುತು ಅಂದ್ರ ಒಬ್ಬಾಕಿದು ಇದ್ರ ಗುರುತು," ಎಂದರು. "ಎಲ್ಲಾರದೂ ಇದ್ರ ಅದು ಹೊಲಸು, ಅಷ್ಟs. ಹೊಲಸಿಗಿ ಬೇಕಾದ್ರ ಎರಡು ಮಾರ್ಕ್ ಕಡಿಮಿ ಮಾಡ್ಲಿ." ದಾರ ಸುತ್ತಿ ಗಂಟು ಹಾಕಿದರು. ಹೊರಗೆ ಹೋಗುವಾಗ ಹುಡುಗಿಯರತ್ತ ತಿರುಗಿ, "ಕೈ ತೊಳಕೋರಿ ಮೊದಲ!" ಎಂದು ಗದರಿದರು. ನೀರಿಲ್ಲವೆಂದು ನೆನಪಿಸುವ ಧೈರ್ಯ ಯಾರಿಗೂ ಆಗಲಿಲ್ಲ.

ಅಕ್ಕಲಕೋಟದ ಬಸ್ಸು

ಮರುದಿನ ಅಕ್ಕಲಕೋಟಕ್ಕೆ ಹೊರಟ ಕೆಂಪು ಬಸ್ಸಿನಲ್ಲಿ ನಾವು ನಾಲ್ವರಿದ್ದೆವು. ಅಕ್ಕ, ನಾನು, ನಮ್ಮ ಮುಂದಿನ ಸೀಟಿನಲ್ಲಿ ಬೀರಪ್ಪ ಮತ್ತು ಮಾಲತಿ. ಫಲಿತಾಂಶ ಬರುವವರೆಗೆ ಅವಳು ಊರಿನಲ್ಲೇ ಇರಬೇಕೆಂದಾಗಿತ್ತು. ಹೊರಗೆ ಜೋಳದ ಹೊಲ, ಕರಿ ಮಣ್ಣು, ಮತ್ತೆ ಜೋಳದ ಹೊಲ. ನಮ್ಮ ಕಡೆಯಂತೆ ಎರಡು ಮೈಲಿಗೊಂದು ಕೆರೆ, ತೋಪು ಹುಡುಕುತ್ತಿದ್ದ ನನ್ನ ಕಣ್ಣಿಗೆ ನಿಲ್ಲಲು ಜಾಗವೇ ಸಿಗಲಿಲ್ಲ. ಆಕಾಶಕ್ಕೇ ಹೋಗಿ ನಿಲ್ಲುತ್ತಿತ್ತು. ಎರಡು ಸೀಟುಗಳ ನಡುವಿನಿಂದ ಕಂಡಂತೆ, ಮಾಲತಿ ತೊಡೆಯ ಮೇಲಿನ ತಗಡಿನ ಪೆಟ್ಟಿಗೆಯ ಮೇಲೆ ಬೆರಳಾಡಿಸುತ್ತಿದ್ದಳು. ಉಗುರಿನ ಸಂದಿಯಲ್ಲಿ ಇನ್ನೂ ಹಳದಿ ಇತ್ತು.

ಬೀರಪ್ಪ ಹಿಂದೆ ತಿರುಗಿದರು.

"ಬಾಯಾರ, ನೀವು ಕಿಟಕ್ಯಾಗ ನಿಂತು ನೋಡೀರಿ. ನಮ್ಮ ಮಗಳು ಬಾಯಿ ಬಿಡವಲ್ಲಳು. ಬಿರೋಬಾನ ಭಂಡಾರ ಕೆಲಸಾ ಮಾಡ್ತೋ ಇಲ್ಲೋ, ಹೇಳ್ರಿ?"

ಪೆಟ್ಟಿಗೆಯ ಮೇಲಿನ ಬೆರಳು ನಿಂತವು. ಆ ಹುಡುಗಿಯ ಬೆರಳು ತಾವಾಗಿ ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು. ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ನಾನು ಯೋಚಿಸಿದೆ. ಕೆಲಸ ಕೆಡಿಸಿತು ಎಂದರೆ ನಿಜ. ಹಾಳೆ ಉಳಿಯಿತು ಎಂದರೂ ನಿಜ. ಕೊನೆಗೆ ಕಣ್ಣಿಗೆ ಕಂಡದ್ದಷ್ಟನ್ನೇ ಹೇಳಿದೆ:

"ಎಲ್ಲಾ ಹುಡುಗಿಯರ ಕೈಗೂ ತಾಗಿತು, ಬೀರಪ್ಪನವರೇ."

"ಹಂಗಾ!" ಎಂದು ಕೈ ಮುಗಿದರು. ಆಮೇಲೆ ದನಿ ತಗ್ಗಿಸಿದರು, ಆದರೆ ಬಸ್ಸಿನ ಸದ್ದಿನಲ್ಲಿ ತಗ್ಗಿದ ದನಿಯೂ ಎಲ್ಲರಿಗೂ ಕೇಳುವಷ್ಟಿತ್ತು. "ನಾ ತಂಗಿಗಿ ಮಾತು ಕೊಟ್ಟು ಕುಂತೀನ್ರಿ. ಈಕಿ ಪಾಸ್ ಆದ್ರನ ಆ ಮಾತಿನ್ಯಾಗಿಂದ ಬಿಡುಗಡಿ. ಅದಕ್ಕ ಒಂದು ಮುಷ್ಟಿ ಹಾಕೂದು, ಎರಡು ಮುಷ್ಟಿ ಹಾಕೀನಿ."

ಮಾಲತಿ ತಿರುಗಿ ತಂದೆಯ ಮುಖ ನೋಡಿದಳು. ಈ ಮಾತನ್ನು ಅವಳು ಮೊದಲು ಕೇಳಿರಲಿಲ್ಲವೆಂದು ನನಗೆ ತೋರಿತು. "ಯಪ್ಪಾ, ಒಂದs ಸಾಕಿತ್ತು" ಎಂದಳು. ನಕ್ಕಳೋ ಅತ್ತಳೋ ಹಿಂದಿನ ಸೀಟಿನಿಂದ ಕಾಣಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಪೆಟ್ಟಿಗೆಯ ಮೇಲೆ ಮತ್ತೆ ಸದ್ದು ಕೇಳಿಸಿತು.

ಅಕ್ಕಲಕೋಟದ ಸ್ಟ್ಯಾಂಡಿನಲ್ಲಿ ಅವರು ಚಪಳಗಾಂವದ ಬಸ್ಸಿಗೆ ಹೋದರು, ನಾವು ಮಠಕ್ಕೆ. ಜನ ತುಂಬಿತ್ತು. ಸಾಲಿನಲ್ಲಿ ನನ್ನ ಹಿಂದಿದ್ದ ಮುದುಕಿ ತನ್ನ ಗಂಟನ್ನು ನನ್ನ ಬೆನ್ನಿಗೆ ಒರಗಿಸಿ ನಿದ್ದೆ ಮಾಡಿಬಿಟ್ಟಿದ್ದಳು. ಸಾಲು ಸರಿದಾಗೆಲ್ಲ ಅವಳಿಗೆ ಎಚ್ಚರವಾಗದಂತೆ ಸರಿಯಬೇಕಾಯಿತು. ದರ್ಶನವಾಗಿ ಹೊರಬಂದ ಮೇಲೆ ಅಕ್ಕ ಕೇಳಿದಳು, "ಏನೇ ಬೇಡ್ಕೊಂಡೆ?"

"ಒಂದು ಕುರ್ಚಿ" ಎಂದೆ.

"ಮನೇಲಿ ನಾಲ್ಕಿದಾವಲ್ಲೇ!" ಎಂದಳು.

ಚನ್ನಪಟ್ಟಣ

ಊರಿಗೆ ಬಂದ ಮೇಲೆ ಚಾದರ ತರಲು ಭಾವ ಸೊಲ್ಲಾಪುರಕ್ಕೆ ಹೋದಾಗಲೆಲ್ಲ ವಿಚಾರಿಸಿಕೊಂಡು ಬನ್ನಿ ಎಂದು ಹೇಳಿ ಕಳಿಸುತ್ತಿದ್ದೆ. ಒಂದು ಸಲ ಇನ್ನೂ ಫಲಿತಾಂಶ ಬಂದಿರಲಿಲ್ಲ. ಮುಂದಿನ ಸಲ ಭಾವ ಮರೆತು ಬಂದರು. ಅಕ್ಕನೂ ನಾನೂ ಸೇರಿ ಅವರಿಗೆ ಊಟ ಇಳಿಯದಂತೆ ಮಾಡಿದೆವು. ಆಮೇಲೊಂದು ಸಲ ಹೋದಾಗ ಮರೆಯಲಿಲ್ಲ. ಕಾಕು ಹೇಳಿದ್ದನ್ನು ಭಾವ ಹೇಳಿದರು, ಭಾವ ಹೇಳಿದ್ದನ್ನು ನಾನು ಹೇಳುತ್ತಿದ್ದೇನೆ. ಇದು ಮಾತ್ರ ನಾನು ಕಂಡದ್ದಲ್ಲ.

ಮಾಲತಿ ಪಾಸಾದಳು. ಹೆಚ್ಚಿನ ಅಂಕದಿಂದಲ್ಲ, ಕೂದಲೆಳೆಯಲ್ಲಿ. ಶಕೀಲಾಳೂ ಪಾಸಾದಳು. ನಂದೇಶ್ವರದ ಅತ್ತೆ ಆರು ತಿಂಗಳು ಅಣ್ಣನ ಜೊತೆ ಮಾತು ಬಿಟ್ಟಿದ್ದಳಂತೆ. ಅಕ್ಕಲಕೋಟದ ಒಂದು ಕಚೇರಿಯಲ್ಲಿ ಮಾಲತಿಗೆ ಕೆಲಸ ಸಿಕ್ಕಿತು. ಮೊದಲ ದಿನ ಬೀರಪ್ಪ ಕೆಂಪು ರುಮಾಲು ಸುತ್ತಿ, ಸೊಂಟಕ್ಕೆ ಚೀಲ ಕಟ್ಟಿಕೊಂಡು ಮಗಳ ಹಿಂದೆಯೇ ಕಚೇರಿಗೆ ಹೋದರಂತೆ. ಸಾಹೇಬರು, ಗುಮಾಸ್ತರು ಎಲ್ಲ ನೋಡುತ್ತಿದ್ದಂತೆ ಚೀಲಕ್ಕೆ ಕೈ ಹಾಕಿದರು. ಮಾಲತಿ ಓಡಿ ಹೋಗಿ ಟೈಪ್‌ರೈಟರಿನ ಮೇಲೆ ಅಡ್ಡ ಕೈ ಚಾಚಿ, ತನ್ನ ಕುರ್ಚಿಯನ್ನು ಕಾಲಿನಿಂದ ತಂದೆಯ ಕಡೆ ನೂಕಿದಳಂತೆ.

"ಯಪ್ಪಾ, ಕುರ್ಚಿಗಿ ಹಾಕು. ಎಷ್ಟು ಮುಷ್ಟಿ ಬೇಕು ಅಷ್ಟು ಹಾಕು. ಮಶಿನ್ನಿಗಿ ಬ್ಯಾಡ!"